ಎರಡಡಿ ನೀರಿಗೆ ಹತ್ತು ಮೀಟರ್ ಕಡಲು

ಮನೆಯ ಅಕ್ವೇರಿಯಂ ಎಂದರೆ ಹೆಚ್ಚೆಂದರೆ ಎರಡಡಿ ಆಳದ ನೀರು. ಅದರೊಳಗೆ ಬಂದು ಕೂರುವ ಹವಳದ ಮೂಲ ಊರಾದರೋ ಇಂಡೊನೇಷ್ಯಾದ್ದೋ ಆಸ್ಟ್ರೇಲಿಯಾದ್ದೋ ಕಡಲು. ಅಲ್ಲಿ ಅದರ ತಲೆಯ ಮೇಲೆ ಐದು, ಹತ್ತು, ಕೆಲವೊಮ್ಮೆ ಇಪ್ಪತ್ತು ಮೀಟರ್ ನೀರು ನಿಂತಿರುತ್ತಿತ್ತು. ಉಪ್ಪು, ಕ್ಯಾಲ್ಸಿಯಂ, ಉಷ್ಣತೆ, ನೀರಿನ ಸೆಳೆತ, ಇವನ್ನೆಲ್ಲ ಗಾಜಿನ ತೊಟ್ಟಿಯೊಳಗೆ ಹೊಂದಿಸಲು ಉಪಾಯಗಳಿವೆ. ಕಡಲುಪ್ಪಿನ ಮಿಶ್ರಣ ಬಕೆಟ್ಟಿನಲ್ಲಿ ಸಿಗುತ್ತದೆ, ಸೆಳೆತಕ್ಕೆ ಪಂಪು ಇದೆ, ಬೇಸಿಗೆಗೆ ಚಿಲ್ಲರ್ ಇದೆ. ಆ ಹತ್ತು ಮೀಟರ್ ನೀರನ್ನು ಮಾತ್ರ ಯಾರೂ ತಂದು ಸುರಿಯಲಾರರು. ಹವಳ ಸಾಕುವವರು ದೀಪದ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಆ ನೀರು ಬೆಳಕಿಗೆ ಏನು ಮಾಡುತ್ತಿತ್ತೋ ಅದನ್ನೀಗ ದೀಪವೇ ಮಾಡಬೇಕು.

ಕಡಲ ನೀರು ಬೆಳಕನ್ನು ಬಣ್ಣ ನೋಡಿ ಸೋಸುತ್ತದೆ. 660 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕು ಶುದ್ಧ ನೀರಿನಲ್ಲಿ ಒಂದು ಮೀಟರ್ ಇಳಿಯುವಷ್ಟರಲ್ಲೇ ಮೂರನೇ ಒಂದು ಪಾಲು ಮಾಯವಾಗುತ್ತದೆ. ಐದು ಮೀಟರಿನಲ್ಲಿ ನೂರಕ್ಕೆ 13 ಪಾಲು ಉಳಿದರೆ ಹತ್ತು ಮೀಟರಿನಲ್ಲಿ ಎರಡು ಪಾಲೂ ಇರುವುದಿಲ್ಲ. ಅದೇ 450 ನ್ಯಾನೋಮೀಟರಿನ ನೀಲಿ ಬೆಳಕು ಹತ್ತು ಮೀಟರ್ ದಾಟಿದ ಮೇಲೂ ನೂರಕ್ಕೆ 90ರಷ್ಟು ಉಳಿದಿರುತ್ತದೆ. ಇದು ಪರಿಶುದ್ಧ ನೀರಿನ ಲೆಕ್ಕ. ನಿಜವಾದ ಕಡಲಿನಲ್ಲಿ ನಷ್ಟ ಇನ್ನೂ ಹೆಚ್ಚು. ಆದರೆ ತಿಳಿನೀರಿನ ಹವಳ ದಿಬ್ಬಗಳಲ್ಲಿ ಕೆಂಪು ಮೊದಲು ಸೋತು ನೀಲಿ ಕೊನೆಯವರೆಗೆ ಉಳಿಯುವ ಈ ಕ್ರಮ ಬದಲಾಗುವುದಿಲ್ಲ.

ಈಗ ತೊಟ್ಟಿಯ ಲೆಕ್ಕ ಹಾಕಿ. ಎರಡಡಿ ನೀರು ಆ ಕೆಂಪು ಬೆಳಕಿನಲ್ಲಿ ಕಳೆಯುವುದು ಐದನೇ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಅಂದರೆ ದೀಪದಿಂದ ಯಾವ ಬಣ್ಣ ಹೊರಟಿತೋ ಅದೇ ಹೆಚ್ಚುಕಡಿಮೆ ಇದ್ದ ಹಾಗೇ ಹವಳದ ಮೈಮೇಲೆ ಬೀಳುತ್ತದೆ. ಕಡಲಿನಲ್ಲಿ ಸೂರ್ಯನ ತಪ್ಪನ್ನು ನೀರು ತಿದ್ದುತ್ತಿತ್ತು. ಇಲ್ಲಿ ದೀಪದ ತಪ್ಪನ್ನು ತಿದ್ದುವವರಿಲ್ಲ.

ಕಡಲಿನ ನೀಲಿಯ ಪ್ರಶ್ನೆಗೆ ನಮ್ಮಲ್ಲೇ ಒಂದು ಹಳೆಯ ನಂಟಿದೆ. ಆಕಾಶದ ನೀಲಿ ನೀರಿನಲ್ಲಿ ಪ್ರತಿಫಲಿಸಿ ಕಡಲು ನೀಲಿಯಾಗಿ ಕಾಣುತ್ತದೆ ಎಂದು ಲಾರ್ಡ್ ರ‍್ಯಾಲೆಯಂಥ ವಿಜ್ಞಾನಿಯೇ ಹೇಳಿದ್ದ ಕಾಲವದು. 1921ರಲ್ಲಿ ಇಂಗ್ಲೆಂಡ್ ಪ್ರಯಾಣದಲ್ಲಿ ಸಿ.ವಿ. ರಾಮನ್ ಹಡಗಿನ ಡೆಕ್ಕಿನ ಮೇಲೆ ನಿಂತು ಒಂದು ನಿಕೋಲ್ ಪ್ರಿಸಂ ಹಿಡಿದು ಕಡಲನ್ನು ನೋಡಿದರು. ಮೇಲ್ಮೈಯಿಂದ ಬರುವ ಪ್ರತಿಫಲನವನ್ನು ಪ್ರಿಸಂ ತಡೆದ ಮೇಲೂ ನೀಲಿ ಹೋಗಲಿಲ್ಲ, ಇನ್ನಷ್ಟು ಎದ್ದು ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ವಾದಿಸಿ ಅದೇ ವರ್ಷ ಅವರು ‘ನೇಚರ್’ ಪತ್ರಿಕೆಗೆ ಬರೆದರು. ಬೆಳಕಿನ ಚದುರಿಕೆಯ ಬೆನ್ನು ಹತ್ತಿದ ಆ ಕೆಲಸ 1928ರ ರಾಮನ್ ಪರಿಣಾಮಕ್ಕೆ ತಲುಪಿತು. 1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು ಇಲ್ಲಿಯವರೇ ಆದರು. ಅಣುಗಳ ಚದುರಿಕೆಯ ಜೊತೆಗೆ ಕೆಂಪನ್ನು ನುಂಗುವ ನೀರಿನ ಸ್ವಭಾವವೂ ಸೇರಿ ಈ ನೀಲಿ ಹುಟ್ಟುತ್ತದೆ ಎನ್ನುವುದು ಇಂದಿನ ತಿಳಿವಳಿಕೆ. ಹವಳಕ್ಕೆ ಮುಖ್ಯವಾದದ್ದು ಈ ಎರಡನೆಯದು.

ಎಲ್ಲ ಕಡಲೂ ಲಕ್ಷದ್ವೀಪದಷ್ಟು ನೀಲಿಯಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗುವವರಿಗೆ ಇದು ಕಣ್ಣಿಗೇ ಕಾಣುತ್ತದೆ. ದಡದ ಹತ್ತಿರ ನೀರು ಹಸಿರು, ದೂರ ಹೋದಂತೆ ನೀಲಿ. ದಡದ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ನೀಲಿಯನ್ನು ಹೀರುತ್ತವೆ. ಹೊಳೆಗಳು ಹೊತ್ತು ತರುವ ಕೊಳೆತ ಎಲೆಯ ಕಷಾಯವೂ ನೀಲಿ, ನೇರಳೆಗಳನ್ನೇ ಹೀರುತ್ತದೆ. ಹಾಗಾಗಿ ಅಲ್ಲಿನ ಹವಳಕ್ಕೆ ಸಿಗುವ ಬೆಳಕಿನಲ್ಲಿ ಹಸಿರಿನ ಪಾಲು ಹೆಚ್ಚು, ಆದರೂ ಅದು ಬದುಕುತ್ತದೆ. ‘ಹವಳಕ್ಕೆ ಇಂಥದ್ದೇ ಬೆಳಕು’ ಎಂದು ಒಂದೇ ಸೂತ್ರ ಮಾರುವವರನ್ನು ನಂಬುವ ಮುಂಚೆ ಇದು ನೆನಪಿನಲ್ಲಿರಲಿ.

ಉಣ್ಣುವುದು ಯಾರು?

ಹವಳ ಪ್ರಾಣಿ. ಬೆಳಕು ಉಣ್ಣುವುದು ಅದಲ್ಲ, ಅದರ ಅಂಗಾಂಶದೊಳಗೆ ಮನೆ ಮಾಡಿರುವ ಜೂಕ್ಸಾಂಥೆಲ್ಲೆ ಎಂಬ ಒಂಟಿಕೋಶದ ಪಾಚಿ. ಪಾಚಿ ತಯಾರಿಸಿದ ಸಕ್ಕರೆ, ಕೊಬ್ಬುಗಳಿಂದ ಹವಳದ ಶಕ್ತಿಯ ಅಗತ್ಯ ನೂರಕ್ಕೆ 90ರವರೆಗೂ ಪೂರೈಕೆಯಾಗಬಲ್ಲದು. ಉಳಿದದ್ದಕ್ಕೆ ಹವಳ ರಾತ್ರಿ ಟೆಂಟಕಲ್‌ಗಳನ್ನು ಚಾಚಿ ತೇಲುವ ಜೀವಿಗಳನ್ನು ಹಿಡಿದು ತಿನ್ನುತ್ತದೆ.

ಈ ಪಾಚಿ ನಮ್ಮ ಹೊಲದ ಗಿಡದಂಥದ್ದಲ್ಲ. ಗಿಡಗಳಲ್ಲಿರುವ ‘ಎ’ ಕ್ಲೋರೊಫಿಲ್ ಇದರಲ್ಲೂ ಇದೆ. ಅದು 440ರ ಆಸುಪಾಸಿನ ನೀಲಿಯನ್ನೂ 675ರ ಕೆಂಪನ್ನೂ ಹೀರುತ್ತದೆ. ಆದರೆ ಗಿಡದ ‘ಬಿ’ ಕ್ಲೋರೊಫಿಲ್ ಬದಲಿಗೆ ಇಲ್ಲಿರುವುದು ‘ಸಿ’, ಅದಕ್ಕೆ ಬೇಕಾದದ್ದು 450–460ರ ನೀಲಿ. ಅದರ ಜೊತೆಗೆ ಪೆರಿಡಿನಿನ್ ಎಂಬ ಇಟ್ಟಿಗೆ ಬಣ್ಣದ ವರ್ಣಕ. ಅದು 470ರಿಂದ 550ರವರೆಗಿನ ನೀಲಿ-ಹಸಿರನ್ನು ಹಿಡಿದು ಕ್ಲೋರೊಫಿಲ್‌ಗೆ ದಾಟಿಸುತ್ತದೆ. ಆರೋಗ್ಯವಂತ ಹವಳದ ತಳಬಣ್ಣ ಕಂದಾಗಿರಲು ಈ ಪಾಚಿಯೇ ಕಾರಣ. ನೀಲಿ ನೀರಿನಲ್ಲೇ ಬದುಕಿದ ಜೀವಿಯ ಹೊಟ್ಟೆ ನೀಲಿಗೇ ಒಗ್ಗಿದೆ ಎಂದರೆ ಅಚ್ಚರಿಯೇನಿಲ್ಲ.

ತಾರಸಿ ತೋಟದವರು ಕೊಳ್ಳುವ ಗುಲಾಬಿ-ನೇರಳೆ ಬಣ್ಣದ ಗ್ರೋ ಲೈಟ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಎನ್ನುವುದು ಇದರಿಂದಲೇ ತಿಳಿಯುತ್ತದೆ. ಅದರಲ್ಲಿ ಕೆಂಪಿನದೇ ದರ್ಬಾರು. ಕೆಂಪು ಎಲ್‌ಇಡಿ ಅಗ್ಗ, ಪ್ರತಿ ವ್ಯಾಟಿಗೆ ಅದು ಕೊಡುವ ಫೋಟಾನುಗಳೂ ಹೆಚ್ಚು, ಟೊಮ್ಯಾಟೊ ಗಿಡಕ್ಕೆ ಹಿತವೂ ಹೌದು. ಹವಳಕ್ಕೆ ಅತಿಯಾದ ಕೆಂಪು ಬರೀ ದಂಡವಲ್ಲ, ಕೆಡುಕು ಕೂಡ. ನೆದರ್ಲೆಂಡ್ಸ್‌ನ ಟಿಮ್ ವೈಗರ್ಡೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಟೈಲೊಫೋರಾ ಪಿಸ್ಟಿಲ್ಲಾಟಾ ಎಂಬ ಕವಲು ಹವಳವನ್ನು ಬರೀ ನೀಲಿ, ಬರೀ ಕೆಂಪು, ಎರಡರ ಮಿಶ್ರಣ ಹೀಗೆ ಬೇರೆ ಬೇರೆ ಎಲ್‌ಇಡಿಗಳ ಕೆಳಗೆ ಇಟ್ಟು ನೋಡಿದರು. ಕೆಂಪಿನ ಕೆಳಗೆ ಪಾಚಿಯ ಸಾಂದ್ರತೆ ಇಳಿಯಿತು, ಹವಳ ಸೊರಗಿತು. ನೀಲಿಯ ಕೆಳಗೆ ಗಟ್ಟಿಯಾಗಿ ಉಳಿಯಿತು. ಕೆಂಪು ಹೆಚ್ಚಿದ್ದರೆ ‘ನಾನು ನೀರಿನ ಮೇಲ್ಮೈಗೆ ತೀರಾ ಹತ್ತಿರವಿದ್ದೇನೆ, ಬಿಸಿಲು ಜೋರು’ ಎಂದು ಹವಳ ತಿಳಿದು ಪಾಚಿಯನ್ನು ಕಡಿಮೆ ಮಾಡಿಕೊಳ್ಳುತ್ತಿರಬಹುದು ಎಂಬುದು ಒಂದು ವಿವರಣೆ.

ಇದನ್ನು ಓದಿ ಕೆಂಪನ್ನು ಪೂರ್ತಿ ಸೊನ್ನೆ ಮಾಡುವವರೂ ಇದ್ದಾರೆ. ಅಷ್ಟು ಹೆದರಬೇಕಿಲ್ಲ. ಎರಡು ಮೂರು ಮೀಟರ್ ಆಳದ ದಿಬ್ಬದ ಹವಳಗಳಿಗೆ ದಿನಾ ಕೆಂಪು ಸಿಗುತ್ತದೆ, ಆದರೆ ನೀಲಿಯ ದೊಡ್ಡ ರಾಶಿಯ ಪಕ್ಕದಲ್ಲಿ ಸಣ್ಣ ಪಾಲಾಗಿ. ಪ್ರಶ್ನೆ ಇರುವುದು ಪ್ರಮಾಣದ್ದು.

ಎರಡು ಬಗೆಯ ಬಣ್ಣ

ಪಾಚಿಯ ಹೊಟ್ಟೆಯ ವಿಚಾರ ಇಷ್ಟಕ್ಕೆ ಮುಗಿಯುತ್ತದೆ. 400ರಿಂದ 500ರವರೆಗಿನ ನೇರಳೆ-ನೀಲಿ ಸಾಕಷ್ಟಿದ್ದರೆ ಅದು ತಕರಾರು ಮಾಡುವುದಿಲ್ಲ. ದೀಪದ ಬಗ್ಗೆ ನಡೆಯುವ ಜಗಳದ ಬಹುಪಾಲು ಹವಳದ ಬಗ್ಗೆ ಅಲ್ಲವೇ ಅಲ್ಲ, ನಮ್ಮ ಕಣ್ಣಿನ ಬಗ್ಗೆ. ಇದನ್ನು ಒಪ್ಪಿಕೊಂಡರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಹವಳದಲ್ಲಿ ನಾವು ಮೆಚ್ಚುವ ಬಣ್ಣ ಎರಡು ಬಗೆಯದು. ಮೊದಲನೆಯದು ಪ್ರತಿದೀಪ್ತಿಯದು. ಹವಳದ ಕೆಲವು ಪ್ರೋಟೀನುಗಳು ನೀಲಿ ಬೆಳಕನ್ನು ಹೀರಿ ಹಸಿರಾಗಿಯೋ ಕಿತ್ತಳೆಯಾಗಿಯೋ ಹೊರಗೆ ಬಿಡುತ್ತವೆ. ಕತ್ತಲ ಕೋಣೆಯಲ್ಲಿ ನೀಲಿ ದೀಪದ ಕೆಳಗೆ ಹವಳ ನಿಯಾನ್ ಬೋರ್ಡಿನಂತೆ ಹೊಳೆಯುವುದು ಇದರಿಂದ. ಎರಡನೆಯ ಬಗೆಯ ವರ್ಣಕಗಳು ಹೊಳೆಯುವುದಿಲ್ಲ. ಅವು 560–600ರ ಹಳದಿ-ಕಿತ್ತಳೆ ಭಾಗವನ್ನು ಹೀರಿ ಉಳಿದದ್ದನ್ನು ಹಿಂದಕ್ಕೆ ಬಿಡುತ್ತವೆ, ಹಾಗಾಗಿ ಗುಲಾಬಿ, ನೇರಳೆ, ಕಡುನೀಲಿಯಾಗಿ ಕಾಣುತ್ತವೆ. ಅಕ್ರೊಪೋರಾ ಹವಳದ ತುದಿಯ ನೇರಳೆ ಬಹುಪಾಲು ಈ ಜಾತಿಯದು. ಮೊದಲನೆಯದಕ್ಕೆ ನೀಲಿ ಬೆಳಕು ಬೇಕು. ಎರಡನೆಯದು ಕಾಣಬೇಕಾದರೆ ಬಿಳಿ ಬೆಳಕು ಬೇಕು. ಬರೀ ನೀಲಿಯ ಕೆಳಗೆ ಅದು ಮಂಕಾಗಿ, ಕಪ್ಪಾಗಿ ಬಿಡುತ್ತದೆ. ಒಂದೇ ಹವಳದಲ್ಲಿ ಎರಡೂ ಇರಬಹುದು. ‘ನನ್ನ ಹವಳಕ್ಕೆ ಬಣ್ಣ ಬರುತ್ತಿಲ್ಲ’ ಎಂದು ದೂರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಯಾವ ಬಣ್ಣ?

ಪ್ರತಿದೀಪ್ತಿಯ ಕಥೆಯಲ್ಲಿ ಅಕ್ವೇರಿಯಂಗೆ ಒಂದು ಗೌರವದ ಸ್ಥಾನವಿದೆ. ಒಸಾಮು ಶಿಮೊಮುರಾ ಹಸಿರು ಪ್ರತಿದೀಪ್ತ ಪ್ರೋಟೀನನ್ನು ಬೇರ್ಪಡಿಸಿದ್ದು 1960ರ ದಶಕದ ಆರಂಭದಲ್ಲಿ, ಲೋಳೆಮೀನಿನಿಂದ. ಜೀವಕೋಶದೊಳಗಿನ ಆಗುಹೋಗುಗಳನ್ನು ಬೆಳಗಿಸಿ ತೋರಿಸುವ ಸಾಧನವಾಗಿ ಅದು ಬೆಳೆದು 2008ರಲ್ಲಿ ಅವರಿಗೂ ಮಾರ್ಟಿನ್ ಚಾಲ್ಫಿ, ರೋಜರ್ ಚೆನ್ ಅವರಿಗೂ ರಸಾಯನ ವಿಜ್ಞಾನದ ನೊಬೆಲ್ ತಂದಿತು. ಆದರೆ ಲೋಳೆಮೀನು ಕೆಂಪನ್ನು ಕೊಡಲಿಲ್ಲ. ಅದು ಸಿಕ್ಕಿದ್ದು 1999ರಲ್ಲಿ, ರಷ್ಯಾದ ವಿಜ್ಞಾನಿಗಳಿಗೆ, ಹವ್ಯಾಸಿಗಳು ತೊಟ್ಟಿಯಲ್ಲಿ ಸಾಕುವ ಡಿಸ್ಕೊಸೋಮಾ ಎಂಬ ಅಣಬೆಯಾಕಾರದ ಹವಳದ ಬಂಧುವಿನಲ್ಲಿ. ಬೆಂಗಳೂರಿನ ಅಂಗಡಿಯಲ್ಲಿ ‘ಮಶ್ರೂಮ್’ ಎಂದು ಕೇಳಿದರೆ ಕೊಡುವುದು ಇದರ ಬಳಗದ್ದನ್ನೇ. 2002ರಲ್ಲಿ ಜಪಾನಿನ ಅತ್ಸುಶಿ ಮಿಯಾವಾಕಿ ತಂಡ ಟ್ರಾಕಿಫಿಲ್ಲಿಯಾ ಹವಳದಿಂದ ಇನ್ನೊಂದು ವಿಚಿತ್ರ ಪ್ರೋಟೀನನ್ನು ಹೊರತೆಗೆಯಿತು: ಅತಿನೇರಳೆ ಅಥವಾ ನೇರಳೆ ಬೆಳಕು ಬಿದ್ದರೆ ಹಸಿರಿನಿಂದ ಕೆಂಪಿಗೆ ತಿರುಗುವ, ಮತ್ತೆ ಹಿಂದಕ್ಕೆ ಬಾರದ ಪ್ರೋಟೀನು. ದೀಪದಲ್ಲಿ 400ರ ಆಸುಪಾಸಿನ ನೇರಳೆ ಬೆಳಕು ಇದ್ದಾಗ ಕೆಲವು ಹವಳಗಳ ಕೆಂಪು ಏರುವುದು ಬರೀ ಭ್ರಮೆಯಲ್ಲ ಎನ್ನಲು ಇದೊಂದು ಆಧಾರ.

ಹವಳಕ್ಕೆ ಈ ಬಣ್ಣಗಳೇಕೆ? ಆಳವಿಲ್ಲದ ನೀರಿನಲ್ಲಿ ಅವು ಬಿಸಿಲ ತಡೆಯಂತೆ ಕೆಲಸ ಮಾಡುತ್ತವೆ. ಯಾರ್ಗ್ ವೀಡೆನ್‌ಮನ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದಂತೆ ಈ ವರ್ಣಕಗಳ ತಯಾರಿಕೆಯನ್ನು ಏರಿಸುವ ಸೂಚನೆಯೇ ನೀಲಿ ಬೆಳಕು. ಹೊಳೆಯುವವಕ್ಕೂ ಹೊಳೆಯದವಕ್ಕೂ ಇದು ಸಲ್ಲುತ್ತದೆ. ಆಳದಲ್ಲಿ ಕೆಲಸ ಉಲ್ಟಾ. ಅದೇ ಪ್ರಯೋಗಾಲಯದಿಂದ 2017ರಲ್ಲಿ ಬಂದ ಅಧ್ಯಯನದ ಪ್ರಕಾರ, ಆಳದ ಕೆಲವು ಹವಳಗಳು ಸಿಗುವ ಅಷ್ಟಿಷ್ಟು ನೀಲಿಯನ್ನು ಕಿತ್ತಳೆ-ಕೆಂಪಿಗೆ ಬದಲಿಸಿ ಅಂಗಾಂಶದ ಒಳಪದರದ ಪಾಚಿಗೂ ತಲುಪಿಸುತ್ತವೆ. ಮೇಲೆ ಕೊಡೆ, ಕೆಳಗೆ ದೀಪ. ಹೀಗಾಗಿ ಬಿಳಿ ಬೆಳಕಿನಲ್ಲಿ ಮಾತ್ರ ಕಾಣುವ ನೇರಳೆಯನ್ನು ಬೆಳೆಸುವುದಕ್ಕೂ ನೀಲಿಯೇ ಬೇಕು. ನೋಡುವುದಕ್ಕೆ ಮಾತ್ರ ಬಿಳಿ.

ಅಂಗಡಿಗಳ ವಿಷಯದಲ್ಲಿ ನನ್ನದು ಸ್ವಲ್ಪ ಕಟು ಅಭಿಪ್ರಾಯ. ಕಡುನೀಲಿ ದೀಪದ ಕೆಳಗೆ ಇಟ್ಟು, ಮೊಬೈಲ್ ಕ್ಯಾಮೆರಾಗೆ ಕಿತ್ತಳೆ ಫಿಲ್ಟರ್ ಹಚ್ಚಿ ತೆಗೆದ ವಾಟ್ಸ್‌ಆ್ಯಪ್ ಫೋಟೊ ನೋಡಿ ಹವಳ ಕೊಳ್ಳುವುದು ಮದುವೆ ಮಂಟಪದ ಬೆಳಕಿನಲ್ಲಿ ಸೀರೆ ಬಣ್ಣ ಆರಿಸಿದ ಹಾಗೆ. ‘ಅಣ್ಣಾ, ಒಂದು ನಿಮಿಷ ಬಿಳಿ ಲೈಟ್ ಹಾಕಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ಅಂಗಡಿಯವರು ಹಾಕುತ್ತಾರೆ. ಬಿಳಿಯಲ್ಲಿ ಹವಳ ಪೂರ್ತಿ ಸಪ್ಪೆಯಾಗಿ, ಮೂಳೆ ಕಾಣುವಷ್ಟು ಪೇಲವವಾಗಿದ್ದರೆ ಅದರೊಳಗಿನ ಪಾಚಿ ಆಗಲೇ ಜಾಗ ಖಾಲಿ ಮಾಡಿದೆ ಎಂದು ತಿಳಿಯಿರಿ; ಪಾಚಿ ಹೋದ ಹವಳ ನೀಲಿಯಲ್ಲಿ ಇನ್ನೂ ಚೆನ್ನಾಗಿ ಹೊಳೆಯಬಹುದು.

ದೀಪದ ಒಳಗೇನಿದೆ

ಎಲ್‌ಇಡಿ ಬರುವ ಮುಂಚೆ ಹವಳ ಸಾಕುವವರು ಮೆಟಲ್ ಹ್ಯಾಲೈಡ್ ದೀಪ, ಟಿ5 ಟ್ಯೂಬ್‌ಗಳಿಂದ ಕೆಲಸ ನಡೆಸುತ್ತಿದ್ದರು. ನೀಲಿಗಾಗಿ 420 ನ್ಯಾನೋಮೀಟರಿನ ಸುತ್ತ ಬೆಳಗುವ ‘ಆಕ್ಟಿನಿಕ್’ ಟ್ಯೂಬುಗಳು. ಹ್ಯಾಲೈಡ್ ಸೂರ್ಯನಷ್ಟೇ ಧಾರಾಳಿ, ಬಿಸಿಯಲ್ಲೂ ಅಷ್ಟೇ. ನೀರು ತಣ್ಣಗಿಡುವುದಕ್ಕೆ ಚಿಲ್ಲರ್ ಬೇರೆ ಓಡಬೇಕಿತ್ತು. ಪೆನ್‌ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಸಂಜಯ್ ಜೋಶಿ, ತಾವೇ ದೊಡ್ಡ ಹವಳದ ತೊಟ್ಟಿ ಇಟ್ಟುಕೊಂಡಿದ್ದವರು, ಈ ದೀಪಗಳ ರೋಹಿತಗಳನ್ನು ಒಂದೊಂದಾಗಿ ಅಳೆದು ಪ್ರಕಟಿಸಿದರು. ಅದುವರೆಗೆ ಹವ್ಯಾಸಿಗಳ ಬಳಿ ಇದ್ದದ್ದು ಡಬ್ಬಿಯ ಮೇಲಿನ ಕೆಲ್ವಿನ್ ಅಂಕೆ ಮಾತ್ರ: 10,000, 14,000, 20,000. ಈ ಅಂಕೆ ಬೆಳಕು ಕಣ್ಣಿಗೆ ಎಷ್ಟು ನೀಲಿಯಾಗಿ ಕಾಣುತ್ತದೆ ಎಂದು ಹೇಳುತ್ತದೆ, ಅದರೊಳಗೆ ಯಾವ ಅಲೆಯುದ್ದ ಎಷ್ಟಿದೆ ಎಂದು ಹೇಳುವುದಿಲ್ಲ. 20,000 ಕೆಲ್ವಿನ್ ಎಂದು ಬರೆದ ಎರಡು ದೀಪಗಳ ರೋಹಿತ ಒಂದಕ್ಕೊಂದು ಸಂಬಂಧವಿಲ್ಲದಂತೆ ಇರಬಹುದು. ಎಲ್‌ಇಡಿಗಳ ಡಬ್ಬಿಯ ಮೇಲೂ ಈ ಅಂಕೆ ಮುಂದುವರಿದಿದೆ. ಅದನ್ನು ಬಿಟ್ಟು ಡಬ್ಬಿಯ ಪಕ್ಕದಲ್ಲಿರುವ ರೋಹಿತದ ನಕ್ಷೆಯನ್ನು ನೋಡಿ. ನಕ್ಷೆಯೇ ಇಲ್ಲದಿದ್ದರೆ ಕೊಳ್ಳದಿರುವುದು ಒಳ್ಳೆಯದು.

ಹವಳದ ಅದೃಷ್ಟವೋ ಏನೋ, ಬಿಳಿ ಎಲ್‌ಇಡಿ ಹುಟ್ಟಿನಿಂದಲೇ ನೀಲಿಯ ಕಡೆಯದು. ಕೆಂಪು, ಹಸಿರು ಎಲ್‌ಇಡಿಗಳು ಮೊದಲೇ ಇದ್ದವು. ಪ್ರಖರ ನೀಲಿ ಸಾಧ್ಯವಾದದ್ದು 1990ರ ದಶಕದ ಆರಂಭದಲ್ಲಿ. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಕಾಮುರಾ ಅವರಿಗೆ 2014ರಲ್ಲಿ ಭೌತ ವಿಜ್ಞಾನದ ನೊಬೆಲ್ ಬಂತು. ನಮ್ಮ ಮನೆಗಳ ಬಿಳಿ ಎಲ್‌ಇಡಿ ಬಲ್ಬು ಕೂಡ ಒಳಗೆ ನೀಲಿ ಚಿಪ್ಪೇ. ಮೇಲೆ ಹಳದಿ ಫಾಸ್ಫರ್ ಲೇಪ. ಅದರ ರೋಹಿತದಲ್ಲಿ 450ರ ಹತ್ತಿರ ಚೂಪಾದ ಶಿಖರ, 480ರ ಸುತ್ತ ಒಂದು ಕಣಿವೆ, ಆಮೇಲೆ ಹಳದಿಯ ಅಗಲವಾದ ಗುಡ್ಡ. ಪೆರಿಡಿನಿನ್‌ಗೆ ಬೇಕಾದ ನೀಲಿ-ಹಸಿರು ಆ ಕಣಿವೆಯಲ್ಲೇ ಸೊರಗುತ್ತದೆ. 420ರ ನೇರಳೆಯಂತೂ ಹೆಸರಿಗೂ ಇಲ್ಲ. ಹವಳದ ದೀಪ ತಯಾರಕರು ಬಿಳಿಯ ಜೊತೆಗೆ ನೇರಳೆ, ರಾಯಲ್ ಬ್ಲೂ, ನೀಲಿ, ಸಯಾನ್ ಚಿಪ್ಪುಗಳನ್ನು ಬೇರೆಬೇರೆಯಾಗಿ ಸೇರಿಸುವುದು ಈ ಗುಂಡಿಗಳನ್ನು ತುಂಬಲು. ಎಕೋಟೆಕ್ ರೇಡಿಯಾನ್, ಕೆಸಿಲ್, ಹೈಡ್ರಾ ಮುಂತಾದ ದುಬಾರಿ ದೀಪಗಳಲ್ಲಿ ಈ ಬಣ್ಣಗಳನ್ನು, ಅಂದರೆ ಚಾನೆಲ್‌ಗಳನ್ನು, ಮೊಬೈಲಿನಿಂದಲೇ ಏರಿಸಿ ಇಳಿಸಬಹುದು.

ಏರಿಸಿ ಇಳಿಸುವ ಈ ಸ್ವಾತಂತ್ರ್ಯವೇ ಹಲವರಿಗೆ ಮುಳುವಾಗಿದೆ. ವಾರಕ್ಕೊಂದು ಹೊಸ ಸೆಟ್ಟಿಂಗ್ ಹಾಕಿ ನೋಡುವ ಚಟ ಹತ್ತಿದರೆ ಹವಳಕ್ಕೆ ಯಾವ ಬೆಳಕಿಗೂ ಹೊಂದಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ನನ್ನ ಮತ ಇಷ್ಟು: ನೇರಳೆ, ರಾಯಲ್ ಬ್ಲೂ, ನೀಲಿ ಈ ಮೂರನ್ನು ಒಂದು ಮಟ್ಟಕ್ಕೆ ಕಟ್ಟಿ ಮುಟ್ಟದೆ ಬಿಡಿ. ಬೆಳಕಿನ ಬಹುಪಾಲು ಅಲ್ಲಿಂದ ಬರಲಿ. ಬಿಳಿಯನ್ನು ನಿಮ್ಮ ಕಣ್ಣಿಗೆ ಹಿತವಾಗುವಷ್ಟು ಸೇರಿಸಿ. ಅದರಲ್ಲಿ ಸಂಕೋಚ ಬೇಡ, ಅದು ಹವಳಕ್ಕೂ ಕೆಟ್ಟದ್ದಲ್ಲ. ಕೆಂಪು, ಹಸಿರುಗಳನ್ನು ಮೀನಿನ ಬಣ್ಣ ಸತ್ತಂತೆ ಕಾಣದಿರುವಷ್ಟು, ಐದು-ಹತ್ತು ಶೇಕಡಾ ಹಾಕಿದರೆ ಸಾಕು. ‘ಕೆಂಪು ಹಾಕಿದರೆ ಕೆಂಪು ಲೋಳೆ ಹಬ್ಬುತ್ತದೆ’ ಎಂಬ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ, ಸಯನೋಬ್ಯಾಕ್ಟೀರಿಯಾದ ವರ್ಣಕಗಳು ಕಿತ್ತಳೆ-ಕೆಂಪನ್ನು ಹೀರಬಲ್ಲವು. ಆದರೆ ಲೋಳೆಗೆ ಮೂಲ ಗೊಬ್ಬರ ನೈಟ್ರೇಟ್, ಫಾಸ್ಫೇಟ್. ಅದನ್ನು ಸರಿಪಡಿಸದೆ ದೀಪವನ್ನು ಬೈಯುವುದು ನ್ಯಾಯವಲ್ಲ.

ಚಿಪ್ಪುಗಳ ಜೋಡಣೆಯನ್ನೂ ಗಮನಿಸಬೇಕು. ಬೇರೆ ಬೇರೆ ಬಣ್ಣದ ಎಲ್‌ಇಡಿಗಳನ್ನು ದೂರದೂರ ಕೂರಿಸಿದ ಅಗ್ಗದ ದೀಪಗಳಲ್ಲಿ ಒಂದೊಂದು ಕೊಂಬೆಯ ಹಿಂದೆ ನೀಲಿ, ಕೆಂಪು, ಹಸಿರು ನೆರಳು ಪ್ರತ್ಯೇಕವಾಗಿ ಬೀಳುತ್ತದೆ, ತೊಟ್ಟಿ ಡಿಸ್ಕೊ ಆಗುತ್ತದೆ. ಹವಳದ ಒಂದು ಬದಿಗೆ ಒಂದು ರೋಹಿತ, ಇನ್ನೊಂದು ಬದಿಗೆ ಇನ್ನೊಂದು. ಚಿಪ್ಪುಗಳನ್ನು ಒತ್ತೊತ್ತಾಗಿ ಗುಂಪು ಮಾಡಿದ ಅಥವಾ ಮುಂದೆ ಡಿಫ್ಯೂಸರ್ ಹಾಳೆ ಇರುವ ದೀಪ ಈ ತೊಂದರೆ ಕೊಡುವುದಿಲ್ಲ.

ಕಣ್ಣು ನಂಬಿ ಕೆಟ್ಟವರು

ರೋಹಿತಕ್ಕಿಂತ ಹೆಚ್ಚು ಹವಳಗಳನ್ನು ಕೊಂದಿರುವುದು ಬೆಳಕಿನ ಪ್ರಮಾಣ ಎಂದರೆ ತಪ್ಪಾಗಲಾರದು. ನಮ್ಮ ಕಣ್ಣು ಹಸಿರಿಗೆ, 555 ನ್ಯಾನೋಮೀಟರಿಗೆ, ಅತಿ ಚುರುಕು. 450ರ ನೀಲಿಗೆ ಅದರ ಸ್ಪಂದನೆ ಹಸಿರಿಗೆ ಹೋಲಿಸಿದರೆ ನೂರಕ್ಕೆ ನಾಲ್ಕೂ ಇಲ್ಲ. 420ರ ನೇರಳೆಗೆ ನೂರಕ್ಕೆ ಅರ್ಧವೂ ಇಲ್ಲ. ನೀಲಿ ದೀಪ ‘ಮಂಕಾಗಿದೆ’ ಎಂದು ನಮಗನ್ನಿಸುವ ಹೊತ್ತಿಗೆ ಹವಳದ ಮೇಲೆ ಫೋಟಾನುಗಳ ಮಳೆಯೇ ಸುರಿಯುತ್ತಿರಬಹುದು. ಇನ್ನಷ್ಟು ಏರಿಸುತ್ತೇವೆ. ಕೆಲವೇ ದಿನಗಳಲ್ಲಿ ಹವಳ ಬೆಳ್ಳಗಾಗುತ್ತದೆ. ಹಳೆಯ ಟ್ಯೂಬ್ ತೆಗೆದು ಹೊಸ ಎಲ್‌ಇಡಿ ಹಾಕಿದ ಮನೆಗಳಲ್ಲಿ ಇದು ಪದೇ ಪದೇ ನಡೆಯುವ ಕಥೆ.

ಮೊಬೈಲಿನ ಲಕ್ಸ್ ಆ್ಯಪ್ ಇಲ್ಲಿ ಸಹಾಯ ಮಾಡದು. ಲಕ್ಸ್ ಎಂಬುದೇ ಮನುಷ್ಯನ ಕಣ್ಣಿನ ಅಳತೆ. ನೀಲಿಯನ್ನು ಅದು ಕಣ್ಣಿನಷ್ಟೇ ಕಡೆಗಣಿಸುತ್ತದೆ. ಬೇಕಾದದ್ದು 400ರಿಂದ 700 ನ್ಯಾನೋಮೀಟರ್ ನಡುವಿನ ಫೋಟಾನುಗಳನ್ನು ಎಣಿಸುವ ಅಳತೆ, ಹವ್ಯಾಸಿಗಳ ಬಾಯಲ್ಲಿ ‘ಪಾರ್’. ಪ್ರತಿ ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ ಎಂದು ಅದು ಹೇಳುತ್ತದೆ. ಉಷ್ಣವಲಯದ ನಡುಹಗಲ ಬಿಸಿಲು ನೀರಿನ ಮೇಲೆ ಸುಮಾರು 2,000. ತೊಟ್ಟಿಯಲ್ಲಿ ಅದರ ಹತ್ತಿರಕ್ಕೂ ಹೋಗಬೇಕಿಲ್ಲ. ಮಶ್ರೂಮ್, ಮೆತ್ತನೆ ಹವಳಗಳಿಗೆ 50ರಿಂದ 100. ದೊಡ್ಡ ಪಾಲಿಪ್‌ಗಳ ಗಟ್ಟಿ ಹವಳಗಳಿಗೆ 80ರಿಂದ 150. ಅಕ್ರೊಪೋರಾದಂಥ ಸಣ್ಣ ಪಾಲಿಪ್‌ಗಳವಕ್ಕೆ 200ರಿಂದ 350. ಇವು ಕಲ್ಲಿನ ಮೇಲೆ ಕೊರೆದ ಅಂಕೆಗಳಲ್ಲ, ಹವ್ಯಾಸಿಗಳು ವರ್ಷಗಟ್ಟಲೆ ನೋಡಿ ಒಪ್ಪಿಕೊಂಡ ಅಂದಾಜು. ದಿನದ ಒಟ್ಟು ಲೆಕ್ಕವನ್ನೂ ನೋಡಬೇಕು: 150 ಪಾರ್ ಹತ್ತು ಗಂಟೆ ಸುರಿದರೆ ದಿನಕ್ಕೆ ಚದರ ಮೀಟರಿಗೆ 5.4 ಮೋಲ್ ಫೋಟಾನು. ದೀಪದ ತೀಕ್ಷ್ಣತೆ ಕಡಿಮೆ ಮಾಡಲು ಮನಸ್ಸಿಲ್ಲದವರು ಗಂಟೆಗಳನ್ನಾದರೂ ಕಡಿಮೆ ಮಾಡಬಹುದು. ಪಾರ್ ಮೀಟರ್ ದುಬಾರಿ, ದಿನಾ ಬೇಕಾದ್ದೂ ಅಲ್ಲ. ನಾಲ್ಕಾರು ಗೆಳೆಯರು ಸೇರಿ ಒಂದು ಕೊಂಡು ಸರದಿಯಲ್ಲಿ ಬಳಸುವುದು ಜಾಣತನ. ದೀಪಕ್ಕೆ ಇನ್ನೊಂದು ಚಾನೆಲ್ ಇರಲಿ ಎಂದು ಸುರಿಯುವ ದುಡ್ಡಿಗಿಂತ ಇದಕ್ಕೆ ಹಾಕಿದ್ದು ಹೆಚ್ಚು ಉಪಕಾರ ಮಾಡುತ್ತದೆ.

ಹೊಸ ದೀಪ ಹಾಕಿದ ಮೇಲೆ 30–40 ಶೇಕಡಾದಿಂದ ಆರಂಭಿಸಿ ವಾರಕ್ಕೆ ಐದು ಶೇಕಡಾದಂತೆ ಏರಿಸಿ. ಒಳಗಿನ ಪಾಚಿ ತನ್ನ ವರ್ಣಕಗಳನ್ನು ಕಡಿಮೆ ಮಾಡಿಕೊಳ್ಳಲು, ಹವಳ ತನ್ನ ಬಿಸಿಲ ತಡೆಯನ್ನು ಕಟ್ಟಿಕೊಳ್ಳಲು ವಾರಗಳು ಬೇಕು. ಅವಸರಪಟ್ಟರೆ ಹೆಚ್ಚಾದ ಬೆಳಕು ಪಾಚಿಯೊಳಗೆ ಹಾನಿಕಾರಕ ಆಮ್ಲಜನಕದ ಅಣುಗಳನ್ನು ಹುಟ್ಟಿಸುತ್ತದೆ, ಹವಳ ಪಾಚಿಯನ್ನೇ ಹೊರಗೆ ಹಾಕುತ್ತದೆ. 1998, 2016ರ ಬೇಸಿಗೆಗಳಲ್ಲಿ ಲಕ್ಷದ್ವೀಪದ ದಿಬ್ಬಗಳು ಬೆಳ್ಳಗಾದಾಗ ಮೊದಲ ಕಾರಣ ಕಡಲ ಬಿಸಿ. ಆದರೆ ಬಿಸಿಯ ಜೊತೆ ಬಿಸಿಲೂ ಸೇರಿದಾಗ ಇದೇ ಯಂತ್ರ ಕೆಡುವುದು. ಏಪ್ರಿಲ್‌ನಲ್ಲಿ ಕರೆಂಟು ಹೋಗಿ ಚಿಲ್ಲರ್ ನಿಂತು ನೀರು 30 ಡಿಗ್ರಿ ದಾಟಿದ ದಿನ ದೀಪವನ್ನೂ ತಗ್ಗಿಸಬೇಕು ಎನ್ನುವುದು ಇದಕ್ಕೇ.

ಇನ್ನೊಂದು ಕಳ್ಳ ಇದ್ದಾನೆ, ಬಹಳ ಜನ ಗಮನಿಸುವುದಿಲ್ಲ. ತಿಂಗಳುಗಟ್ಟಲೆ ಬದಲಿಸದ ನೀರು ನಿಧಾನವಾಗಿ ತಿಳಿಹಳದಿಯಾಗುತ್ತದೆ. ಬಿಳಿ ಬಕೆಟ್ಟಿಗೆ ಸುರಿದು ನೋಡಿದರೆ ಗೊತ್ತಾಗುತ್ತದೆ. ನಮ್ಮ ಕರಾವಳಿಯ ನೀರನ್ನು ಹಸಿರು ಮಾಡುವಂಥದೇ ಕರಗಿದ ಸಾವಯವ ವಸ್ತು ಇದು, ನುಂಗುವುದು ನೇರಳೆ, ನೀಲಿಗಳನ್ನೇ. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ತಂದ 405 ನ್ಯಾನೋಮೀಟರಿನ ಚಾನೆಲ್ ದಾರಿಯಲ್ಲೇ ಸೊರಗುತ್ತದೆ. ಒಂದು ಹಿಡಿ ಇದ್ದಿಲಿನ ಫಿಲ್ಟರ್, ಆ್ಯಕ್ಟಿವೇಟೆಡ್ ಕಾರ್ಬನ್, ಹಾಕಿದರೆ ನೀರು ತಿಳಿಯಾಗುತ್ತದೆ. ಆಗಲೂ ಅವಸರ ಬೇಡ: ನೀರು ಒಮ್ಮೆಲೇ ತಿಳಿಯಾದರೆ ದೀಪವನ್ನು ಒಮ್ಮೆಲೇ ಏರಿಸಿದಂತೆಯೇ.

ಕೊಳ್ಳುವ ಮುಂಚೆ ಕಾನೂನಿನ ಮಾತು. ಭಾರತದಲ್ಲಿ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಲಕ್ಷದ್ವೀಪವಿರಲಿ, ಅಂಡಮಾನ್ ಇರಲಿ, ನೇತ್ರಾಣಿಯಿರಲಿ, ಡೈವಿಂಗ್ ಹೋದವರು ನೆನಪಿಗೆಂದು ಒಂದು ತುಂಡು ಎತ್ತಿಕೊಂಡು ಬಂದರೂ ಅಪರಾಧ. ವಿದೇಶದ ಗಟ್ಟಿ ಹವಳಗಳ ಸಾಗಾಟಕ್ಕೆ ಸೈಟ್ಸ್ ಒಪ್ಪಂದದ ಕಾಗದಪತ್ರ ಬೇಕು. ಅದನ್ನು ತೋರಿಸಲಾಗದ ಅಂಗಡಿಯಿಂದ ಕೊಳ್ಳಬಾರದು. ಹೊಸಬರು ಮಶ್ರೂಮ್, ಲೆದರ್ ಮುಂತಾದ ಮೆತ್ತನೆಯವುಗಳಲ್ಲೇ ಆರಂಭಿಸುವುದು ಎಲ್ಲ ರೀತಿಯಲ್ಲೂ ಕ್ಷೇಮ. ಅವುಗಳಿಗೆ ಬೆಳಕೂ ಕಡಿಮೆ ಸಾಕು, ರೋಹಿತದ ಬಗ್ಗೆ ಹಟವೂ ಕಡಿಮೆ. ನೀಲಿ-ಬಿಳಿ ಎರಡೇ ಚಾನೆಲ್ಲಿನ ಸಾಧಾರಣ ದೀಪದ ಕೆಳಗೆ ವರ್ಷಗಟ್ಟಲೆ ಚೆನ್ನಾಗಿರುತ್ತವೆ.

ಹಗಲಿನ ಬೆಳಕಿಗೆ ಇಷ್ಟೆಲ್ಲ ಲೆಕ್ಕ ಹಾಕುವ ನಾವು ರಾತ್ರಿಯನ್ನು ಮರೆಯುತ್ತೇವೆ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮಿ ಕ್ರ್ಯಾಗ್ಸ್ ತಂಡ ಅಕ್ರೊಪೋರಾ ಹವಳಗಳ ಮೂಲ ಊರಿನ ಸೂರ್ಯೋದಯ, ಸೂರ್ಯಾಸ್ತ, ವರ್ಷದ ನೀರಿನ ಉಷ್ಣತೆ ಜೊತೆಗೆ ಚಂದ್ರನ ಏರಿಳಿತವನ್ನೂ ತೊಟ್ಟಿಯಲ್ಲಿ ಕೃತಕವಾಗಿ ನಡೆಸಿತು. ಹುಣ್ಣಿಮೆ ಕಳೆದು, ಕಡಲಿನಲ್ಲಿ ಆಗಬೇಕಾದ ಹೊತ್ತಿಗೇ ಆ ಹವಳಗಳು ಮುಚ್ಚಿದ ಕಟ್ಟಡದೊಳಗೆ ಮೊಟ್ಟೆ-ವೀರ್ಯಗಳನ್ನು ಬಿಟ್ಟವು. ತಂಡ ಅದನ್ನು 2017ರಲ್ಲಿ ಪ್ರಕಟಿಸಿತು. ಅದೇ ವಿದ್ಯೆ ಬಳಸಿ 2019ರಲ್ಲಿ ಫ್ಲಾರಿಡಾ ಅಕ್ವೇರಿಯಂ ಅಳಿವಿನಂಚಿನ ಅಟ್ಲಾಂಟಿಕ್ ಕಂಬ ಹವಳದಿಂದಲೂ ಮೊಟ್ಟೆ ಪಡೆಯಿತು. ಹವಳ ಅಷ್ಟು ಮಂದ ಬೆಳಕನ್ನೂ ಎಣಿಸುತ್ತದೆ ಎಂದಾಯಿತು. ಅಂದಮೇಲೆ ‘ಮೂನ್‌ಲೈಟ್’ ಎಂಬ ಹೆಸರಿನಲ್ಲಿ ದೀಪದ ನೀಲಿ ಚಾನೆಲನ್ನು ದಿನಾ ಬೆಳಗಿನ ತನಕ ಒಂದೇ ಸಮನೆ ಉರಿಸುವುದರಿಂದ ಹವಳಕ್ಕೆ ಬೆಳದಿಂಗಳು ಸಿಗುವುದಿಲ್ಲ, ಮುಗಿಯದ ಮುಸ್ಸಂಜೆ ಸಿಗುತ್ತದೆ. ಚಂದ್ರನ ತಿಥಿಗೆ ತಕ್ಕಂತೆ ಏರಿಳಿಸುವ ಸೌಲಭ್ಯ ನಿಮ್ಮ ದೀಪದಲ್ಲಿದ್ದರೆ ಬಳಸಿ. ಇಲ್ಲದಿದ್ದರೆ ನೀವು ಮಲಗುವ ಹೊತ್ತಿಗೆ ಟೈಮರ್ ಎಲ್ಲವನ್ನೂ ಆರಿಸುವಂತೆ ಹೊಂದಿಸಿ. ಸಂಜೆ ತೊಟ್ಟಿ ನೋಡುವ ಆಸೆಯಿದ್ದರೆ ಬೆಳಿಗ್ಗೆ ದೀಪ ಹತ್ತುವುದನ್ನು ಎರಡು ಗಂಟೆ ತಡ ಮಾಡಿ.